ಜೊತೆಗೆ ಉಂಡವರ ಕೂಗು

ನನ್ನ ಕೆಲಸ ಕೂಗುವುದು. ಬೆಳಿಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಮಕ್ಕಳ ಮನೆಯ ಉದ್ದನೆಯ ಹಜಾರದಲ್ಲಿ ಒಂದೊಂದು ಚಾಪೆಯ ಪಕ್ಕದಲ್ಲೂ ನಿಂತು ಮೂವತ್ತೆಂಟು ಹೆಸರು ಕೂಗುತ್ತೇನೆ. ಹೆತ್ತವರಿಲ್ಲದ, ಇದ್ದೂ ಬೇಡವಾದ ಮಕ್ಕಳು ಅವರು. ಕೂಗಿದ ಕೂಡಲೇ ಯಾರು ಏಳುತ್ತಾರೆ? ಕಣ್ಣು ಬಿಡುತ್ತಾರೆ, ನಾನು ಎಂದು ಗೊತ್ತಾಗುತ್ತದೆ, ಹೊದಿಕೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡು 'ಐದೇ ನಿಮಿಷ ಅಜ್ಜಿ' ಅನ್ನುತ್ತಾರೆ. ಮೂವತ್ತೆಂಟು ಜನರ ಐದೈದು ನಿಮಿಷ ಕೂಡಿಸಿದರೆ ಎಷ್ಟಾಯಿತು ಎಂದು ನಾನು ಗದರುತ್ತೇನೆ. ನಿಜ ಹೇಳಬೇಕೆಂದರೆ ಆ ಮಾತು ಕೇಳದಿದ್ದರೆ ನನಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ.

ನಮ್ಮ ಊರಿನಲ್ಲಿ ಅರವತ್ತು ದಾಟದವರು ತಾವಾಗಿ ಏಳುವುದಿಲ್ಲ. ಹಿಂದಿನ ದಿನ ಜೊತೆಗೆ ಕೂತು ಉಂಡವರು ಯಾರಾದರೂ ಹತ್ತಿರ ಬಂದು ಹೆಸರು ಹಿಡಿದು ಕೂಗಬೇಕು. ಹಾಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವುದಕ್ಕೆ ಮೊದಲು ಮನೆಯಲ್ಲಿ ಅಜ್ಜಿಯೋ ತಾತನೋ ಗಟ್ಟಿಯಾಗಿದ್ದಾರೆಯೇ ಎಂದು ಕೇಳುತ್ತಾರೆ. ಬಸ್ ಸ್ಟ್ಯಾಂಡಿನ ಗಂಡಸರ ಮೆಸ್ಸಿನಲ್ಲಿ ಸಾರು ಬರೀ ನೀರು, ಆದರೂ ಜನ ಮುಗಿಬೀಳುವುದು ಅಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುವ ಎಪ್ಪತ್ತೆರಡು ವರ್ಷದ ಭಟ್ಟನಿಗಾಗಿ. ಗಂಡ ಹೆಂಡತಿ ಮುನಿಸಿಕೊಂಡು ಬೇರೆ ಬೇರೆ ಉಂಡರೆ ಮಾರನೆಯ ದಿನ ಇಡೀ ಬೀದಿಗೆ ಗೊತ್ತಾಗುತ್ತದೆ. ಫೋನಿನಲ್ಲಿ ಧ್ವನಿ ಹಿಡಿದಿಟ್ಟು ಕೂಗಿಸಿ ನೋಡಿದವರೂ ಇದ್ದಾರೆ. ಫೋನು ಬಡಿದುಕೊಂಡಿತೇ ಹೊರತು ಮಲಗಿದವರು ಮಗ್ಗುಲೂ ಬದಲಿಸಲಿಲ್ಲ. ಯಾರೂ ಕೂಗದಿದ್ದರೆ ಕೊನೆಗೆ ಹಸಿವು ಎಬ್ಬಿಸುತ್ತದೆ, ಆದರೆ ಅದಕ್ಕೆ ಅವಸರವಿಲ್ಲ. ಮೂರು ದಿನವೋ ನಾಲ್ಕು ದಿನವೋ ಐದೋ ಹಿಡಿಯುತ್ತದೆ.

ಹೀಗಿರುವುದರಿಂದ ಯಾರು ಯಾರ ಜೊತೆ ಉಣ್ಣುತ್ತಾರೆ ಎಂಬುದು ನಮ್ಮಲ್ಲಿ ಸಣ್ಣ ಮಾತಲ್ಲ. ಗೋಡೆಯ ಮೇಲಿಂದ ಸಾರು ಕೊಡುತ್ತಾರೆ, ಹಳೆಯ ಸೀರೆ ಕೊಡುತ್ತಾರೆ, ಕಾಯಿಲೆಯಾದರೆ ಕಷಾಯ ಕಾಸಿ ಕೊಡುತ್ತಾರೆ. ಎದುರಿಗೆ ತಟ್ಟೆ ಇಟ್ಟುಕೊಂಡು ಕೂರುವುದಕ್ಕೆ ಮಾತ್ರ ಕುಲ ಯಾವುದು, ಮನೆತನ ಯಾವುದು, ಯಾರ ಮಗಳು ಎಂದು ಕೇಳುತ್ತಾರೆ. ನಮ್ಮ ಮಕ್ಕಳಿಗೆ ಈ ಮೂರರಲ್ಲಿ ಒಂದೂ ಗೊತ್ತಿಲ್ಲ.

ಮಕ್ಕಳ ಮನೆಯಲ್ಲಿ ಅದರ ಗೊಡವೆ ಇರಲಿಲ್ಲ. ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು, ಸಾಲಿನ ತುದಿಯಲ್ಲಿ ನಾನೂ ತಟ್ಟೆ ಹಿಡಿದು ಕೂರುತ್ತಿದ್ದೆ. ತೊಂದರೆ ಹುಟ್ಟುತ್ತಿದ್ದದ್ದು ಹದಿನಾರು ತುಂಬಿದ ದಿನ. ಅಂದು ನಮ್ಮ ಮೇಲ್ವಿಚಾರಕರಾದ ಆರಾಧ್ಯರು ಗೋಡೆಗೆ ಅಂಟಿಸಿದ ಕೂಗುಪಟ್ಟಿಯಲ್ಲಿ ಆ ಮಗುವಿನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಗೆರೆ ಎಳೆಯುವಾಗ ಸ್ಕೇಲು ಇಟ್ಟು ಎಳೆಯುತ್ತಿದ್ದರು, ಅಷ್ಟೇ. ಪಟ್ಟಿಯಲ್ಲಿ ಇಲ್ಲದವರಿಗೆ ಸಾಲಿನಲ್ಲಿ ತಟ್ಟೆ ಇಲ್ಲ, ತಟ್ಟೆ ಇಲ್ಲದವರಿಗೆ ಕೂಗಿಲ್ಲ. ಅದು ನಿಯಮ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಜವರಾಯಿ ಎಂಬ ಹುಡುಗನಿಗೆ ಹದಿನಾರಾಯಿತು. ಅಕ್ಷರ ಎಂದರೆ ಪ್ರಾಣ ಬಿಡುತ್ತಿದ್ದ. ಅಚ್ಚಿನ ಕೆಲಸ ಕಲಿಯಲು ತರಬೇತಿ ಕೇಂದ್ರದಲ್ಲಿ ಅವನಿಗೆ ಸೀಟು ಸಿಕ್ಕಿತು. ಪೆಟ್ಟಿಗೆ ಕೊಟ್ಟೆವು, ಕಂಬಳಿ ಕೊಟ್ಟೆವು, ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆ ನೋಡಿಕೊಟ್ಟೆವು, ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿದೆವು. ಮೊದಲನೆಯ ದಿನ ಒಬ್ಬನೇ ಉಂಡು ಮಲಗಿದವನು ಎದ್ದದ್ದು ಆರನೆಯ ದಿನ. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿತ್ತು. ಅವನು ನಮ್ಮ ಮನೆಯ ಹಿಂದಿನ ಕೆರೆಯಂಗಳದ ಇಟ್ಟಿಗೆ ಗೂಡಿಗೆ ಸೇರಿಕೊಂಡ, ಗೂಡಿನವರ ಜೊತೆ ಉಂಡು ಗೂಡಿನ ಮೇಸ್ತ್ರಿಯ ಕೂಗಿಗೆ ಏಳುತ್ತಿದ್ದ. ಒಮ್ಮೆ ದಾರಿಯಲ್ಲಿ ಸಿಕ್ಕಾಗ ನಾನು ಮಾತಿಗೆ ತಡವರಿಸಿದೆ. ಅವನೇ ನಕ್ಕು, "ನಿಂದೇನ್ ತಪ್ಪು ಬುಡಜ್ಜಿ, ನಂಗೇ ನಿದ್ದೆ ಜಾಸ್ತಿ" ಅಂದ. ಅವನು ಬೈದಿದ್ದರೆ ವಾಸಿಯಿತ್ತು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೂಗದೆ ಕೈಕಟ್ಟಿ ಕೂತವಳು ನಾನು. ಆಮೇಲೆ ಅವನು ಎದುರಿಗೆ ಬಂದರೆ ನಾನೇ ದಾರಿ ಬದಲಿಸುತ್ತಿದ್ದೆ.

ಈಗ ದೇವೀರಿಯ ವಿಷಯಕ್ಕೆ ಬರುತ್ತೇನೆ. ಪೂರ್ತಿ ಹೆಸರು ದೇವೀರಮ್ಮ. ನಾಲ್ಕು ವರ್ಷದವಳಿದ್ದಾಗ ಸಂತೆಯಲ್ಲಿ ಸಿಕ್ಕಿದವಳು. ಮೂವತ್ತೆಂಟು ಮಕ್ಕಳಲ್ಲಿ 'ಐದೇ ನಿಮಿಷ' ಎನ್ನದೆ ಇದ್ದವಳು ಇವಳೊಬ್ಬಳೇ. ಹೆಸರಿನ ಕೊನೆಯ ಅಕ್ಷರ ನನ್ನ ಬಾಯಲ್ಲಿ ಇರುವಾಗಲೇ ಎದ್ದು ಚಾಪೆ ಸುತ್ತಿಬಿಡುತ್ತಿದ್ದಳು. ಯಾರಿಗೂ ಹೊರೆಯಾಗಬಾರದು ಎಂಬ ಹಟ ಹುಟ್ಟಿನಿಂದಲೇ ಬಂದಿತ್ತೇನೋ. ಅವಳಿಗೆ ಹದಿನಾಲ್ಕಿರುವಾಗ ನಮ್ಮ ಬಾವಿಯ ಪಂಪಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ಬಂದು ಒಳಗಿನ ತಾಮ್ರದ ತಂತಿಯನ್ನು ಬಿಚ್ಚುತ್ತಾ ಕೂತ. ಇವಳು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸುತ್ತುಗಳನ್ನು ಎಣಿಸಿದಳು. ಹೊಸ ತಂತಿ ಸುತ್ತುವಾಗ ಅವನು ಎರಡು ಸುತ್ತು ಕಡಿಮೆ ಹಾಕಿದ. "ಮಾವ, ಇನ್ನೂ ಎರಡು ಬೇಕು" ಅಂದಳು. ಅವನು ಮೊದಲು ಸಿಡುಕಿದ, ಆಮೇಲೆ ಬಿಚ್ಚಿ ಎಣಿಸಿದ, ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಅಂದಿನಿಂದ ಇವಳ ಬಾಯಲ್ಲಿ ಮೋಟಾರು ಬಿಟ್ಟು ಬೇರೆ ಮಾತಿರಲಿಲ್ಲ.

ಹದಿನಾರು ತುಂಬುವ ಹೊತ್ತಿಗೆ ತರಬೇತಿ ಕೇಂದ್ರದಲ್ಲಿ ಮೋಟಾರು ಕಟ್ಟುವ ಎರಡು ವರ್ಷದ ಪಾಠಕ್ಕೆ ಸೀಟು ಗಿಟ್ಟಿಸಿಕೊಂಡಳು. ಕೇಂದ್ರ ಇರುವುದು ಊರಿನ ಆಚೆ ತುದಿಯಲ್ಲಿ, ಪಾಠ ಶುರುವಾಗುವುದು ಬೆಳಿಗ್ಗೆ ಏಳಕ್ಕೆ. ಆರು ತಿಂಗಳಿಗೆ ಮೂರು ಗೈರುಹಾಜರಿ ಸಹಿಸುತ್ತಾರೆ, ನಾಲ್ಕನೆಯದಕ್ಕೆ ಹೆಸರು ತೆಗೆದುಹಾಕುತ್ತಾರೆ. ಹೋಗುವ ದಿನ ಆರಾಧ್ಯರು ಮೇಜಿನ ಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು: ಪೆಟ್ಟಿಗೆ, ಕಂಬಳಿ, ಎರಡು ಜೊತೆ ಸಮವಸ್ತ್ರ, ಸ್ಪ್ಯಾನರು ಕಟಿಂಗ್ ಪ್ಲೇಯರುಗಳ ಚೀಲ, ಸೀಲು ಹಾಕಿದ ಶಿಫಾರಸು ಪತ್ರ.

"ಇನ್ನೇನಾದ್ರೂ ಬೇಕಾ, ಕೇಳಮ್ಮ" ಅಂದರು.

"ಏನೂ ಬ್ಯಾಡ ಸಾರ್" ಅಂದಳು ದೇವೀರಿ. ಅವಳು ಹಾಗೆಯೇ ಅನ್ನುವವಳು.

ಈ ಸಲ ನಾನು ಸುಮ್ಮನಿರಲಿಲ್ಲ. ಕೇಂದ್ರದ ಹಿಂದಿನ ಬೀದಿಯಲ್ಲಿ ಅಲಮೇಲಮ್ಮ ಎಂಬವರ ಮನೆಯ ಹಿತ್ತಲ ಕೋಣೆಯನ್ನು ಹುಡುಕಿದೆ. ಎಪ್ಪತ್ತು ದಾಟಿದ ಮಡಿ ಹೆಂಗಸು, ಗಂಡ ಹೋಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ, ಒಬ್ಬರೇ. ತಾವಾಗಿ ಏಳುವ ವಯಸ್ಸು, ಗೋಡೆಯ ಪಕ್ಕದಲ್ಲೇ ಮನೆ, ಇನ್ನೇನು ಬೇಕು ಎಂದು ಲೆಕ್ಕ ಹಾಕಿದೆ. "ಹುಡುಗಿ ಊಟದ ಯೋಚನೆ ಬಿಡಿ, ದಿನಾ ಒಂದು ಸೌಟು ಸಾರು ಹಾಕಿದ್ರೆ ನನಗೇನು ಕಮ್ಮಿಯಾಗತ್ತೆ" ಅಂದರು. ಆಗಲೇ ನಾನು ನೇರವಾಗಿ ಕೇಳಬೇಕಿತ್ತು: ಅವಳ ಜೊತೆ ಕೂತು ಉಣ್ಣುತ್ತೀರಾ? ಬಾಯಿ ಬರಲಿಲ್ಲ. ನಮ್ಮೂರಿನಲ್ಲಿ ಆ ಮಾತು ಕೇಳುವುದೆಂದರೆ ಮನೆಯ ಹೆಣ್ಣನ್ನು ಕೇಳಿದಷ್ಟು ಭಾರ. ಸಾರು ಕೊಡುವವರು ಕೂರದೆ ಇರುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ಅರವತ್ತಾರು ವರ್ಷ ಈ ಊರಿನ ನೀರು ಕುಡಿದ ನಾನು ಮಾಡಬಾರದ ತಪ್ಪು ಅದು.

ಸೋಮವಾರ ಪಾಠ ಶುರುವಾಯಿತು. ಮಂಗಳವಾರ ಸಂಜೆ ಫೋನು ಮಾಡಿ, "ಯಾರವ್ವ ಕೂಗ್ತಾರೆ ನಿನ್ನ?" ಎಂದು ಕೇಳಿದೆ. "ಕೂಗ್ತಾರಜ್ಜಿ, ನೀ ಯೋಚ್ನೆ ಮಾಡ್‌ಬ್ಯಾಡ" ಅಂದಳು. ಧ್ವನಿ ಯಾಕೋ ದಪ್ಪಗಿತ್ತು. ನೆಗಡಿ ಇರಬೇಕು ಅಂದುಕೊಂಡೆ.

ಬುಧವಾರ ಹನ್ನೊಂದು ಗಂಟೆಗೆ ಕೇಂದ್ರದ ಫೆಲಿಕ್ಸ್ ಮೇಷ್ಟ್ರು ಹೇಳಿಕಳಿಸಿದರು. ನಾನು ಹೋಗುವಾಗ ದೇವೀರಿ ಕೆಲಸದ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಅರ್ಧ ಸುತ್ತಿದ ತಂತಿಯ ತುದಿ ಬೆರಳಿನಲ್ಲಿ ಹಾಗೇ ಇತ್ತು. ಮೇಷ್ಟ್ರು ಕೂಗಿದ್ದರು, ಇಪ್ಪತ್ತು ಜನ ಸಹಪಾಠಿಗಳೂ ಒಬ್ಬೊಬ್ಬರಾಗಿ ಕೂಗಿದ್ದರು. ಯಾರ ಜೊತೆಯೂ ಅವಳು ಉಂಡಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದರೆ ಇವಳು ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳಂತೆ. ಕರೆದರೆ ಯಾರ ಮಗಳು ಎಂದು ಕೇಳುತ್ತಾರೆ ಎಂಬ ಭಯ. ಭಾನುವಾರದಿಂದ ಅವಳು ಮಲಗಿಯೇ ಇರಲಿಲ್ಲ. ಮಲಗಿದರೆ ಏಳುವುದಿಲ್ಲ ಎಂದು ಗೊತ್ತಿದ್ದವಳು ಕಾಫಿಪುಡಿ ಜಗಿದು, ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಮೂರು ದಿನ ಕಳೆದಿದ್ದಳು.

ನಾನು ಬಗ್ಗಿ, "ದೇವೀರಮ್ಮಾ" ಎಂದು ಕೂಗಿದೆ. ಅವಳು ಏಳಲಿಲ್ಲ. ಐದು ವರ್ಷ, ಒಂದೊಂದು ಬೆಳಿಗ್ಗೆಯೂ, ಕೊನೆಯ ಅಕ್ಷರಕ್ಕೆ ಮೊದಲೇ ಎದ್ದವಳು. ನನ್ನ ಕೂಗಿಗೆ ಈಗ ಬೆಲೆಯಿಲ್ಲ, ಹಿಂದಿನ ದಿನ ನಾನು ಅವಳ ಜೊತೆ ಉಂಡಿಲ್ಲ ಎಂದು ತಿಳಿದೂ ಮತ್ತೆ ಮತ್ತೆ ಕೂಗಿದೆ. ಅಲ್ಲಿ ಎಲ್ಲರ ಎದುರಿಗೆ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ತಳ್ಳುಗಾಡಿಯಲ್ಲಿ ಮಲಗಿಸಿ ಕೋಣೆಗೆ ಕರೆತಂದೆವು. ಬೀದಿಯ ಜನವೆಲ್ಲ ಹೊರಗೆ ಬಂದಿತ್ತು. ಅಲಮೇಲಮ್ಮ ಗಾಬರಿಯಿಂದ ಓಡಿಬಂದು, "ಏಳೇ ದೇವೀರಮ್ಮ, ಏನಾಯ್ತೇ ನಿನಗೆ, ಏಳೇ" ಎಂದು ಕೂಗಿದರು. ಹುಡುಗಿ ಅಲುಗಲಿಲ್ಲ. ನಮ್ಮೂರಿನಲ್ಲಿ ಕೂಗು ಸೋತರೆ ಯಾರೂ ಏನೂ ಹೇಳಬೇಕಾಗಿಲ್ಲ. ಮೂರು ದಿನ ಒಂದೇ ಅಂಗಳದಲ್ಲಿದ್ದೂ ಈಕೆ ಆ ಮಗುವಿನ ಜೊತೆ ಒಂದು ತುತ್ತು ಉಂಡಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಅದು ಸಾಲದು ಎಂಬಂತೆ ನಾನೂ ಬಾಯಿ ಬಿಟ್ಟೆ.

"ಸಾರು ಕೊಟ್ರಂತಲ್ಲ ತಾಯಿ, ಆ ಸಾರಿಗೇ ಹೇಳಿ, ಬಂದು ಕೂಗ್ಲಿ" ಅಂದೆ.

ಅವರು ನನ್ನನ್ನು ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮುಖ ನೆನೆದರೆ ಈಗಲೂ ನನಗೆ ಚುರುಕ್ ಅನ್ನುತ್ತದೆ. ಕೇಳದೆ ಬಂದವಳು ನಾನೂ ಅಲ್ಲವೇ?

ಗುರುವಾರ, ಶುಕ್ರವಾರ, ಶನಿವಾರ ಅವಳು ಮಲಗಿದ್ದಳು. ಶನಿವಾರ ಸಂಜೆ ಐದಕ್ಕೆ ಹಸಿವು ಎಬ್ಬಿಸಿತು. ನಾನು ರಾಗಿಮುದ್ದೆ, ಹುರುಳಿ ಸಾರು ಮಾಡಿಕೊಂಡು ಪಕ್ಕದಲ್ಲೇ ಕೂತಿದ್ದೆ. ಎದ್ದವಳು ಮೊದಲು ಕೇಳಿದ್ದು, "ಇವತ್ ಯಾವ ವಾರ ಅಜ್ಜಿ?"

"ಶನಿವಾರ."

ಬೆರಳು ಮಡಿಸಿ ಎಣಿಸಿದಳು. ಮೂರು ಗೈರುಹಾಜರಿ, ಆರು ತಿಂಗಳ ಪಾಲು ಮೊದಲನೆಯ ವಾರವೇ ಮುಗಿದಿತ್ತು. ಇನ್ನೊಂದು ದಿನ ತಪ್ಪಿದರೆ ಸೀಟು ಹೋಗುತ್ತದೆ.

"ಯಾಕವ್ವ ಸುಳ್ ಹೇಳ್ದೆ?" ಎಂದು ಕೇಳಿದೆ.

"ನಿಜ ಹೇಳಿದ್ರೆ ನೀ ಓಡ್‌ ಬತ್ತಿದ್ದೆ. ಅಲ್ಲಿ ಮೂವತ್ತೇಳು ಮಕ್ಳವೆ. ನಂದು ಮುಗೀತಲ್ಲ ಅಜ್ಜಿ, ಪಟ್ಟೀಲಿ ಗೆರೆ ಎಳ್ದಾಯ್ತು."

"ಗೆರೆ ಎಳ್ದಿದ್ದು ಕಾಗದದ್ ಮೇಲೆ. ನನ್ ನಾಲ್ಗೆ ಮೇಲೆ ಯಾರೂ ಎಳ್ದಿಲ್ಲ. ಉಣ್ಣು" ಅಂದೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಅಂದಿನಿಂದ ನನ್ನ ದಿನಚರಿ ಬದಲಾಯಿತು. ಸಂಜೆ ಐದರ ಬಸ್ಸಿಗೆ ಹೋಗಿ ದೇವೀರಿಯ ಜೊತೆ ಉಣ್ಣುವುದು, ಏಳಕ್ಕೆ ವಾಪಸು ಬಂದು ಮಕ್ಕಳ ಸಾಲಿನಲ್ಲಿ ಮತ್ತೆ ಉಣ್ಣುವುದು. ಬೆಳಿಗ್ಗೆ ಮಕ್ಕಳನ್ನು ಕೂಗಿ ಎಬ್ಬಿಸಿ, ಆರರ ಬಸ್ಸಿಗೆ ಓಡಿ, ಆರೂವರೆಗೆ ಅವಳ ಬಾಗಿಲಲ್ಲಿ ನಿಂತು ಕೂಗುವುದು. ಎರಡೆರಡು ಊಟ ಮಾಡಿ ನನಗೆ ಹೊಟ್ಟೆ ಬಂತು, ಓಡಿ ಓಡಿ ಮಂಡಿ ಹೋಯಿತು. ಆರಾಧ್ಯರು ಒಂದು ದಿನ ಕರೆದರು.

"ಪುಟ್ಟಸಿದ್ದಮ್ಮನವರೇ, ನಿಮ್ಮ ಕರ್ತವ್ಯ ಹದಿನಾರರವರೆಗೆ ಅಂತ ನಿಯಮ ಇದೆ. ಮೇಲಿನವರು ಕೇಳಿದ್ರೆ ನಾನು ಏನು ಬರೀಲಿ?"

"ಬರೀಬೇಡಿ ಸಾರ್" ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಆರರ ಬಸ್ಸು ಒಮ್ಮೊಮ್ಮೆ ಬೇಗ ಬರತ್ತಂತೆ, ನೋಡ್ಕೊಳ್ಳಿ" ಅಂದರು. ಅಷ್ಟೇ ಮಾತು.

ಹೀಗೆ ಎರಡು ತಿಂಗಳು ನಡೆಯಿತು. ಅಲಮೇಲಮ್ಮ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆದರೆ ಸಂಜೆ ನಾವಿಬ್ಬರೂ ಉಣ್ಣುವಾಗ ಅವರ ಹಿತ್ತಲ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿರುತ್ತಿತ್ತು. ದೇವೀರಿ ಪಾಠದ ಮಾತು ಆಡುತ್ತಿದ್ದಳು. ಇವತ್ತು ಮೇಷ್ಟ್ರು ನನ್ನ ಕೈಗೇ ಮೋಟಾರು ಕೊಟ್ಟರು, ಕರೆಂಟು ಕೊಟ್ಟ ಕೂಡಲೇ ಗುಂಯ್ ಎಂದು ತಿರುಗಿತು ಎಂದು ಅವಳು ಹೇಳಿದ ದಿನ ಆ ಬಾಗಿಲು ಅಂಗೈಯಗಲ ತೆರೆದುಕೊಂಡಿತ್ತು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಒಂದು ಮಂಗಳವಾರ ಸಂಜೆ ಐದರ ಬಸ್ಸು ಹತ್ತುವಾಗ ಮೆಟ್ಟಿಲು ಜಾರಿ ಬಿದ್ದೆ. ಪಾದ ಹೊರಳಿತು. ನನ್ನನ್ನು ಎತ್ತಿ ತಂದು ಮಂಚಕ್ಕೆ ಹಾಕಿದರು, ವೈದ್ಯರು ಪಟ್ಟಿ ಬಿಗಿದು ತಿಂಗಳು ನೆಲಕ್ಕೆ ಕಾಲಿಡಬೇಡ ಅಂದರು. ನೋವಿನ ಮಾತು ಹಾಗಿರಲಿ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವಳು ಅಲ್ಲಿ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಾಳೆ, ಇವತ್ತು ಅವಳ ಜೊತೆ ಉಣ್ಣುವವರು ಯಾರೂ ಇಲ್ಲ, ನಾಳೆ ಕೂಗುವವರೂ ಇಲ್ಲ. ನಾಳೆ ಬುಧವಾರ ನಾಲ್ಕನೆಯ ಗೈರುಹಾಜರಿ. ಫೋನು ಮಾಡಿಸಿ ಬಿದ್ದದ್ದನ್ನು ತಿಳಿಸಿದೆ. "ಕಾಲು ಜ್ವಾಪಾನ ಅಜ್ಜಿ, ನಾ ಮಲ್ಗಾಕಿಲ್ಲ ಬುಡು" ಅಂದಳು. ಒಂದು ದಿನ ಮಲಗದಿರಬಹುದು. ತಿಂಗಳು?

ಬುಧವಾರ ಬೆಳಿಗ್ಗೆ ಮಂಚದಲ್ಲೇ ಕೂತು ಮಕ್ಕಳ ಹೆಸರು ಕೂಗಿದೆ. ಮಂಚವನ್ನು ಹಜಾರದಲ್ಲೇ ಹಾಕಿಸಿಕೊಂಡಿದ್ದೆ, ದೊಡ್ಡವರು ಎದ್ದು ದೂರದ ಚಾಪೆಗಳನ್ನು ಹತ್ತಿರಕ್ಕೆ ಎಳೆದು ತಂದರು. ಆರಕ್ಕೆ ಬಸ್ಸಿನ ಹಾರನ್ನು ಕೇಳಿಸಿತು, ದೂರವಾಯಿತು. ಆರೂವರೆ ಆದಾಗ ತಡೆಯಲಾಗದೆ ಕಿಟಕಿಯ ಕಡೆಗೆ ತಿರುಗಿ, "ದೇವೀರಮ್ಮಾ" ಎಂದು ಒಂದು ಸಲ ಕೂಗಿದೆ. ಊರಾಚೆ ಇರುವವಳನ್ನು ಅಜ್ಜಿ ಇಲ್ಲಿಂದ ಕೂಗುತ್ತಿದ್ದಾಳೆ ಎಂದು ಚಿಕ್ಕವರು ಕಿಸಕ್ಕನೆ ನಕ್ಕರು. ಆಮೇಲೆ ನನ್ನ ಮುಖ ನೋಡಿ ಚಾಪೆ ಸುತ್ತತೊಡಗಿದರು.

ಎಂಟೂವರೆಗೆ ಆರಾಧ್ಯರ ಸ್ಕೂಟರು ಬಂತು. ಬೆಳಗ್ಗೆಯಿಂದ ಅವರು ಎಲ್ಲಿಗೆ ಹೋಗಿದ್ದರು ಎಂದು ಯಾರಿಗೂ ತಿಳಿದಿರಲಿಲ್ಲ. ತಲೆಯೆಲ್ಲ ಧೂಳು, ಶರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ. ಬಂದು ಮಂಚದ ತುದಿಯಲ್ಲಿ ಕೂತರು. ಆ ಮನುಷ್ಯ ನನ್ನೆದುರು ಎಂದೂ ಹಾಗೆ ಕೂತವರಲ್ಲ.

"ಹಾಜರಿ ಬಿತ್ತು" ಅಂದರು.

ಹೇಗೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. ಜೊತೆಗೆ ಉಣ್ಣದವನ ಕೂಗಿಗೆ ಅವಳು ಏಳುವುದಿಲ್ಲ ಎಂದು ತಿಳಿದೂ, ಕೂಗಿ ನೋಡೋಣ ಎಂದು ಇವರು ಆರು ಗಂಟೆಗೇ ಹೋಗಿದ್ದರು. ಇವರು ಹೋಗುವಾಗ ಅಲಮೇಲಮ್ಮ ಕೋಣೆಯ ಹೊಸ್ತಿಲಿಗೆ ಬಂದು ನಿಂತಿದ್ದರು. ಬಗಲಲ್ಲಿ ಒದ್ದೆ ಸೀರೆ ಇತ್ತು. ನಲ್ಲಿಯ ಕೆಳಗಿನ ತೊಟ್ಟಿಯಲ್ಲಿ ಎರಡು ಎಂಜಲು ತಟ್ಟೆಗಳು ಒಂದರ ಮೇಲೊಂದು ಇದ್ದವು, ಅಂಚಿನಲ್ಲಿ ಮೊಸರವಲಕ್ಕಿ ಒಣಗಿ ಹಿಡಿದಿತ್ತು.

ಹಿಂದಿನ ಸಂಜೆ ನಡೆದದ್ದನ್ನು ಆಕೆಯೇ ಇವರಿಗೆ ಹೇಳಿದರಂತೆ. ಹುಡುಗಿ ತಟ್ಟೆ ಮುಂದಿಟ್ಟುಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತೇ ಇದ್ದಳು. ಫೋನು ಬಂತು. ಆಮೇಲೆ ಎದ್ದು ಬಕೆಟ್ಟಿಗೆ ನೀರು ತುಂಬತೊಡಗಿದಳು. ಅದು ಯಾಕೆ ಎಂದು ಅಲಮೇಲಮ್ಮನಿಗೆ ಗೊತ್ತಿತ್ತು.

"ಆ ಕೂಗಜ್ಜಿ ಬರೋಲ್ವೇನೇ?" ಎಂದು ಬಾಗಿಲ ಸಂದಿಯಿಂದ ಕೇಳಿದರು.

"ಇಲ್ಲ ಅಮ್ಮ, ಕಾಲು ಮುರ್ಕಂಡವ್ರೆ."

"ಬಕೆಟ್ಟು ಇಡು ಕೆಳಗೆ" ಅಂದು ಒಳಗೆ ಹೋದವರು ಒಂದು ಮಣೆ ತಂದು ಹಾಕಿದರು. ಸ್ವಲ್ಪ ಹೊತ್ತು ನಿಂತು ಅದನ್ನೇ ನೋಡಿದರು. ಆಮೇಲೆ ಇನ್ನೊಂದು ಮಣೆ ತಂದು ಎದುರಿಗೆ ಹಾಕಿ, ಎರಡು ತಟ್ಟೆಗೆ ಮೊಸರವಲಕ್ಕಿ ಬಡಿಸಿ, ಕೂತರು.

"ಅವಲಕ್ಕಿ ಊಟ ಅಲ್ಲ, ಫಲಾಹಾರ, ಅದಕ್ಕೇನೂ ದೋಷ ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ ಕಣ್ರೀ" ಎಂದು ಆಕೆ ಆರಾಧ್ಯರಿಗೆ ಹೇಳಿದರಂತೆ. "ಆಮೇಲೆ ಮಲಗಿದ್ಮೇಲೆ ಭಯ ಶುರುವಾಯ್ತು. ಊಟ ಅಲ್ಲ ಅಂದ್ಮೇಲೆ ಈ ಹುಡುಗಿ ನನ್ನ ಕೂಗಿಗೆ ಹೇಗೆ ಏಳ್ತಾಳೆ? ಫಲಾಹಾರಕ್ಕೆ ಏಳ್ತಾರೋ ಇಲ್ವೋ ಅಂತ ಯಾರನ್ನ ಕೇಳ್ಲಿ? ಎಲ್ಲಿ ಇವಳ ಸೀಟು ನನ್ನ ಮಡಿಯಿಂದ ಹೋಗತ್ತೋ ಅಂತ ಕಣ್ಣೇ ಮುಚ್ಚಲಿಲ್ಲ."

ಆಮೇಲೆ ಹೊಸ್ತಿಲ ಮೇಲೆ ನಿಂತು, "ದೇವೀರಮ್ಮ, ಏಳೇ" ಎಂದು ಕೂಗಿದರು. ಧ್ವನಿ ಒಡೆದುಹೋಗಿತ್ತಂತೆ. ಬೀದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಎರಡು ತಿಂಗಳ ಹಿಂದಿನ ಆ ಬುಧವಾರವನ್ನು ನೋಡಿದ್ದ ಜನವೇ ಅದು.

ಹುಡುಗಿ ಕಣ್ಣು ಬಿಟ್ಟಳು, ಎದ್ದು ಕೂತಳು, ಚಾಪೆ ಸುತ್ತಿದಳು. ಅಲಮೇಲಮ್ಮ ಹೊಸ್ತಿಲ ಮೇಲೆಯೇ ಕುಸಿದು ಕೂತುಬಿಟ್ಟರು. ಆರಾಧ್ಯರು ತಟ್ಟೆಗಳ ಕಡೆ ನೋಡಿದ್ದು ಕಂಡು ಸಿಡುಕಿದರು: "ಹಾಗೇನು ನೋಡ್ತೀರಿ? ತೊಳೆಯೋದಕ್ಕೆ ಮನಸ್ಸು ಬರಲಿಲ್ಲ. ಏಳ್ತಾಳೋ ಇಲ್ವೋ ನೋಡಿ ಆಮೇಲೆ ತೊಳೆದರಾಯ್ತು ಅಂತ ಬಿಟ್ಟಿದ್ದೆ."

ಇಷ್ಟು ಹೇಳಿ ಆರಾಧ್ಯರು ಎದ್ದು ಗೋಡೆಯ ಪಟ್ಟಿಯ ಹತ್ತಿರ ಹೋದರು. ಕೆಂಪು ಗೆರೆಗಳನ್ನು ಒಂದೊಂದಾಗಿ ಓದಿದರು. "ಇವರೆಲ್ಲ ಈಗ ಯಾರ ಜೊತೆ ಊಟ ಮಾಡ್ತಿದ್ದಾರೋ, ಪುಟ್ಟಸಿದ್ದಮ್ಮ" ಅಂದರು.

ಆಮೇಲೆ ಅಲಮೇಲಮ್ಮ ಅವಲಕ್ಕಿಯಿಂದ ಉಪ್ಪಿಟ್ಟಿಗೆ ಬಂದರು, ಉಪ್ಪಿಟ್ಟಿಗೂ ಏನೋ ಒಂದು ಸಮಾಧಾನ ಹುಡುಕಿಕೊಂಡರು. ದೀಪಾವಳಿಯ ಹೊತ್ತಿಗೆ ಅನ್ನ ಸಾರಿಗೆ ಬಂದಾಗ ಸಮಾಧಾನ ಹುಡುಕುವುದನ್ನೇ ಬಿಟ್ಟಿದ್ದರು. ನನ್ನ ಕಾಲು ಸರಿಹೋದ ಮೇಲೆ ಒಂದು ಭಾನುವಾರ ಹೋಗಿ, ಅಂದು ಆಡಿದ ಮಾತಿಗೆ ತಪ್ಪಾಯಿತು ಅಂದೆ. "ಆಡಬೇಕಾದ್ದೇ ಆಡಿದ್ರಿ. ಕೈಕಾಲು ತೊಳ್ಕೊಂಡು ಬನ್ನಿ, ಎಲೆ ಹಾಕಿದೀನಿ" ಅಂದರು. ಮೂರು ಎಲೆ ಹಾಕಿದ್ದರು.

ನಮ್ಮ ಮನೆಯಲ್ಲೂ ಕ್ರಮ ಬದಲಾಯಿತು. ಹದಿನಾರಾಗಿ ಹೊರಡುವ ಮಕ್ಕಳ ಅರ್ಜಿಯಲ್ಲಿ ಪೆಟ್ಟಿಗೆ, ಕಂಬಳಿಗಳ ಪಟ್ಟಿಗಿಂತ ಮೇಲೆ ಆರಾಧ್ಯರು ತಮ್ಮ ಕೈಯಿಂದಲೇ ಒಂದು ಸಾಲು ಬರೆಯುತ್ತಾರೆ: 'ಜೊತೆಗೆ ಉಣ್ಣುವವರು ಯಾರು?' ಆ ಜಾಗ ಖಾಲಿಯಿದ್ದರೆ ಸಹಿ ಹಾಕುವುದಿಲ್ಲ. ಸಂಜೆ ನಾವಿಬ್ಬರೂ ಸ್ಕೂಟರಿನಲ್ಲಿ ಊರು ಸುತ್ತಿ, ಒಂಟಿ ಮುದುಕ ಮುದುಕಿಯರ ಬಾಗಿಲು ತಟ್ಟಿ ನೇರವಾಗಿಯೇ ಕೇಳುತ್ತೇವೆ. ಹತ್ತು ಕಡೆ ಕೇಳಿದರೆ ಒಂಬತ್ತು ಕಡೆ ಬಾಗಿಲು ಹಾಕುತ್ತಾರೆ. ಹತ್ತನೆಯದಕ್ಕಾಗಿ ಕೇಳುತ್ತೇವೆ.

ದೇವೀರಿ ಮೊದಲನೆಯ ವರ್ಷ ಮುಗಿಸಿ ಮನೆಗೆ ಬಂದಳು. ನಮ್ಮ ಬಾವಿಯ ಮೋಟಾರಿಗೆ ಕಿವಿಯಿಟ್ಟು ಕೇಳಿ, "ಸರ್ಯಾಗದೆ" ಅಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

"ಅಜ್ಜಿ, ಅಚ್ಚಿನ ಕೆಲ್ಸದ ಪಾಠಕ್ಕೆ ಇಪ್ಪತ್ತೊಂದು ತುಂಬೋಗಂಟ ಸೇರಿಸ್ಕತರೆ. ಜವರಣ್ಣಂಗೆ ಇನ್ನೂ ಇಪ್ಪತ್ತು. ಮೇಷ್ಟ್ರನ್ನ ಕೇಳ್ಕಂಡ್ ಬಂದಿವ್ನಿ."

ನಾನು ಕೆರೆಯಂಗಳಕ್ಕೆ ಹೋದೆ. ನಾಲ್ಕು ವರ್ಷ ತಪ್ಪಿಸಿಕೊಂಡು ತಿರುಗಿದ ದಾರಿ, ನಡೆದರೆ ಹತ್ತು ನಿಮಿಷವೂ ಇರಲಿಲ್ಲ. ಜವರಾಯಿ ಬೇಡವೆಂದು ತಲೆಯಾಡಿಸಿದ. "ನಂಗೆ ನಿದ್ದೆ ಜಾಸ್ತಿ ಅಜ್ಜಿ, ಮತ್ತೆ ಹಂಗೇ ಆಯ್ತದೆ" ಅಂದ. ಅದನ್ನು ಅವನು ನಿಜವೆಂದೇ ನಂಬಿದ್ದ. ತನ್ನಲ್ಲೇ ಏನೋ ಕೊರತೆ ಎಂದು ನಾಲ್ಕು ವರ್ಷದಿಂದ ನಂಬಿಕೊಂಡು ಇಟ್ಟಿಗೆ ಹೊತ್ತಿದ್ದ. ನಿನ್ನ ನಿದ್ದೆ ಎಲ್ಲರ ನಿದ್ದೆಯ ಹಾಗೇ ಇತ್ತು, ಕೂಗಬೇಕಾದವಳು ಕೂಗಲಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ. ಅವನು ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟು, "ಹಂಗಾರೆ ಬತ್ತೀನಿ" ಅಂದ.

ಪಾಠ ಶುರುವಾಗುವ ಹಿಂದಿನ ಸಂಜೆ ಅವನು ನಮ್ಮ ಸಾಲಿನಲ್ಲಿ ಚಿಕ್ಕ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಉಂಡ. ಆರಾಧ್ಯರೇ ತಟ್ಟೆ ತಂದು ಇಟ್ಟರು. ಹಜಾರದ ಕೊನೆಯಲ್ಲಿ ಅವನಿಗೆ ಒಂದು ಚಾಪೆ ಹಾಕಿದೆವು.

ಬೆಳಿಗ್ಗೆ ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಕೊನೆಯ ಚಾಪೆಯ ಹತ್ತಿರ ಬಂದೆ. ಮೀಸೆ ಬಂದ ಮುಖ, ಅಂಗೈಯೆಲ್ಲ ಇಟ್ಟಿಗೆಯ ಕೆಂಪು. ಈ ಹೆಸರನ್ನು ನಾಲ್ಕು ವರ್ಷದಿಂದ ಕೂಗಿರಲಿಲ್ಲ.

"ಜವರಾಯೀ" ಅಂದೆ. "ಏಳಪ್ಪ, ಹೊತ್ತಾಯ್ತು."

ಅವನು ಕಣ್ಣು ಬಿಟ್ಟ. ನಾನು ಎಂದು ಗೊತ್ತಾಯಿತು. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಮಗ್ಗುಲು ಬದಲಿಸಿದ.

"ಐದೇ ನಿಮಿಷ ಅಜ್ಜಿ" ಅಂದ.